ವಾಷಿಂಗ್ ಮಷಿನ್ ಹೋಲಿಸುವುದು ಹೇಗೆ: ಎಷ್ಟು ಬಟ್ಟೆ ಹಿಡಿಸುತ್ತದೆ, ಎಷ್ಟು ಕೊಳೆ ಹೋಗುತ್ತದೆ, ಬಟ್ಟೆಯಲ್ಲಿ ಎಷ್ಟು ಸೋಪು ಉಳಿಯುತ್ತದೆ

ವಾಷಿಂಗ್ ಮಷಿನ್ ಹೋಲಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಕೆಜಿ ಮೇಲೆ. ಆಮೇಲೆ ಆರ್‌ಪಿಎಂ (ಹಿಂಡುವಾಗ ಡ್ರಮ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು), ಅದಾದ ಮೇಲೆ ಎಷ್ಟು ಪ್ರೋಗ್ರಾಂ ಇದೆ ಅನ್ನುವುದು. ಬಟ್ಟೆಯ ಕೊಳೆ ನಿಜವಾಗಿ ಎಷ್ಟು ಹೋಗುತ್ತದೆ, ಜಾಲಿಸಿದ ಮೇಲೆ ಸೋಪು ಎಷ್ಟು ಉಳಿದುಕೊಳ್ಳುತ್ತದೆ ಅನ್ನುವುದು ಮಷಿನ್ ಮೇಲೆ ಬರೆದಿರುವುದಿಲ್ಲ, ಹಾಗಾಗಿ ಯಾರೂ ಕೇಳುವುದೂ ಇಲ್ಲ. ಹಿಡಿಸುವ ಬಟ್ಟೆ, ಹೋಗುವ ಕೊಳೆ, ಉಳಿಯುವ ಸೋಪು, ಈ ಮೂರೂ ಒಂದಕ್ಕೊಂದು ಗಂಟುಬಿದ್ದ ವಿಷಯಗಳು. ಡ್ರಮ್ ಒತ್ತಿ ತುಂಬಿದರೆ ಕೊಳೆಯೂ ಬಿಡುವುದಿಲ್ಲ, ಸೋಪೂ ಬಿಡುವುದಿಲ್ಲ. ಆದ್ದರಿಂದ ಎರಡು ಮಷಿನ್ ಹೋಲಿಸುವುದಾದರೆ ನಿಮ್ಮ ಮನೆಯಲ್ಲಿ ಒಂದು ಸಲಕ್ಕೆ ಹಾಕುವಷ್ಟೇ ಬಟ್ಟೆ, ನೀವು ದಿನಾ ಹಾಕುವ ಪ್ರೋಗ್ರಾಂ, ಇವೆರಡನ್ನು ಹಿಡಿದುಕೊಂಡೇ ಹೋಲಿಸಬೇಕು.

ಕೆಜಿ ಅಂದರೆ ಯಾವ ಕೆಜಿ

ಮಷಿನ್ ಮೇಲೆ 8 ಕೆಜಿ ಅಂತ ಇದ್ದರೆ ಅದು ಒಣ ಬಟ್ಟೆಯ ತೂಕ. ಅದೂ ಹತ್ತಿ ಬಟ್ಟೆ, ಅದೂ ಕಾಟನ್ ಪ್ರೋಗ್ರಾಂನಲ್ಲಿ ಮಾತ್ರ. ಅದೇ ಮಷಿನ್‌ನಲ್ಲಿ ಸಿಂಥೆಟಿಕ್ ಪ್ರೋಗ್ರಾಂ ಹಾಕಿದರೆ ಹೆಚ್ಚಾಗಿ ಅದರ ಅರ್ಧದಷ್ಟು ಬಟ್ಟೆ ಹಾಕಲು ಹೇಳಿರುತ್ತಾರೆ. ಉಣ್ಣೆಗೆ ಸುಮಾರು 2 ಕೆಜಿ. 15 ನಿಮಿಷದ ಕ್ವಿಕ್ ವಾಷ್‌ಗೆ ಒಂದೋ ಎರಡೋ ಕೆಜಿ. ಒಗೆದು ಒಣಗಿಸುವ ಎರಡೂ ಕೆಲಸ ಮಾಡುವ ಮಷಿನ್ ಆದರೆ ಇನ್ನೊಂದು ಸಂಖ್ಯೆಯೂ ಇರುತ್ತದೆ: ಒಗೆಯಲು 8 ಕೆಜಿ, ಒಣಗಿಸಲು 5 ಕೆಜಿ ಅನ್ನುವ ಥರ. ಅಂದರೆ ಪೂರ್ತಿ ತುಂಬಿ ಒಗೆದ ಬಟ್ಟೆಯಲ್ಲಿ ಸ್ವಲ್ಪ ಭಾಗ ಹೊರಗೆ ತೆಗೆದ ಮೇಲೆಯೇ ಡ್ರೈಯರ್ ಹಾಕಬೇಕು.

ಈ ವಿವರ ಎಲ್ಲಿ ಸಿಗುತ್ತದೆ? ಮ್ಯಾನುಯಲ್‌ನಲ್ಲಿ. ಕೊಂಡ ಮೇಲೆ ಓದುವ ಪುಸ್ತಕ ಅಂತ ಅದನ್ನು ಬಿಡಬೇಡಿ, ಕೊಳ್ಳುವ ಮುಂಚೆಯೇ ಕಂಪನಿಯ ವೆಬ್‌ಸೈಟ್‌ನಿಂದ ಇಳಿಸಿಕೊಂಡು ಓದಿ. ಹೆಚ್ಚಿನ ಮ್ಯಾನುಯಲ್‌ಗಳಲ್ಲಿ ಒಂದು ಟೇಬಲ್ ಇರುತ್ತದೆ. ಯಾವ ಪ್ರೋಗ್ರಾಂಗೆ ಎಷ್ಟು ಕೆಜಿ, ಎಷ್ಟು ಹೊತ್ತು, ಎಷ್ಟು ನೀರು, ಎಷ್ಟು ಕರೆಂಟು, ಸ್ಪಿನ್ (ಡ್ರಮ್ ವೇಗವಾಗಿ ತಿರುಗಿಸಿ ಹಿಂಡುವುದು) ಆದ ಮೇಲೆ ಬಟ್ಟೆಯಲ್ಲಿ ಎಷ್ಟು ಪರ್ಸೆಂಟ್ ನೀರು ಉಳಿಯುತ್ತದೆ ಅನ್ನುವುದನ್ನೆಲ್ಲ ಅದರಲ್ಲಿ ಹಾಕಿರುತ್ತಾರೆ. ಜಾಹೀರಾತಿನ ಹತ್ತು ಪುಟಕ್ಕಿಂತ ಆ ಒಂದು ಟೇಬಲ್ ಜಾಸ್ತಿ ಹೇಳುತ್ತದೆ.

ಇನ್ನು ನಿಮ್ಮ ಮನೆಯ ಲೋಡ್ ಎಷ್ಟು ಅಂತ ತಿಳಿಯಬೇಕಲ್ವಾ. ಅಂದಾಜು ಬೇಡ, ತೂಕ ಹಾಕಿ. ಮೈ ತೂಕ ನೋಡುವ ಮಷಿನ್ ಮೇಲೆ ಬರಿಗೈಯಲ್ಲಿ ನಿಂತು ಒಂದು ಸಲ ನೋಡಿ, ಆಮೇಲೆ ಬಟ್ಟೆ ತುಂಬಿದ ಬಕೆಟ್ ಹಿಡಿದು ನಿಂತು ನೋಡಿ, ವ್ಯತ್ಯಾಸದಲ್ಲಿ ಬಕೆಟ್ಟಿನ ತೂಕ ಕಳೆಯಿರಿ. ಒಂದು ಟೀ ಶರ್ಟ್ ಸುಮಾರು 150ರಿಂದ 200 ಗ್ರಾಂ ಬರುತ್ತದೆ. ಜೀನ್ಸ್ 600ರಿಂದ 800 ಗ್ರಾಂ. ಸ್ನಾನದ ದೊಡ್ಡ ಟವೆಲ್ ಅರ್ಧ ಕೆಜಿಯ ಆಚೀಚೆ, ಡಬಲ್ ಬೆಡ್‌ಶೀಟ್ 700 ಗ್ರಾಂನಿಂದ ಒಂದು ಕೆಜಿವರೆಗೆ. ನಾಲ್ಕು ಜನರ ಮನೆಯಲ್ಲೂ ದಿನ ಬಿಟ್ಟು ದಿನ ಒಗೆಯುವವರ ಲೋಡ್ ಎಷ್ಟೋ ಸಲ 3-4 ಕೆಜಿ ದಾಟುವುದಿಲ್ಲ. ವಾರಕ್ಕೊಮ್ಮೆ ರಾಶಿ ಹಾಕಿ ಒಗೆಯುವವರದು ಬೇರೆಯೇ ಲೆಕ್ಕ.

ಕೆಜಿ ಒಂದೇ ಇದ್ದರೂ ಡ್ರಮ್ ಒಂದೇ ಅಳತೆ ಇರುವುದಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಡ್ರಮ್ ಎಷ್ಟು ಲೀಟರ್ ಅಂತ ಕೇಳಿ, ಅದನ್ನು ಕೆಜಿಯಿಂದ ಭಾಗಿಸಿ. 8 ಕೆಜಿಯ ಒಂದು ಮಷಿನ್‌ನಲ್ಲಿ 64 ಲೀಟರ್ ಡ್ರಮ್ ಇದ್ದರೆ ಕೆಜಿಗೆ 8 ಲೀಟರ್ ಜಾಗ ಸಿಕ್ಕಿತು. ಇನ್ನೊಂದರಲ್ಲಿ 54 ಲೀಟರ್ ಇದ್ದರೆ ಕೆಜಿಗೆ 7 ಲೀಟರ್ ಕೂಡ ಇಲ್ಲ. ಮೇಲೆ ಬರೆದಿರುವುದು ಎರಡಕ್ಕೂ 8 ಕೆಜಿಯೇ. ಆಳ ಕಡಿಮೆ ಮಾಡಿದ ಸ್ಲಿಮ್ ಮಷಿನ್‌ಗಳಲ್ಲಿ ಈ ಇಕ್ಕಟ್ಟು ಜಾಸ್ತಿ. ಫ್ರಂಟ್ ಲೋಡ್‌ನಲ್ಲಿ ಬಟ್ಟೆ ಮೇಲಕ್ಕೆ ಹೋಗಿ ಕೆಳಗೆ ಬೀಳಬೇಕು, ಬಿದ್ದಾಗಲೇ ಕೊಳೆ ಬಿಡುವುದು. ಬೀಳಲು ಜಾಗವೇ ಇಲ್ಲದಿದ್ದರೆ ಬಟ್ಟೆ ಒಂದು ಮುದ್ದೆಯಾಗಿ ಸುಮ್ನೆ ಸುತ್ತುತ್ತದೆ. ಬಟ್ಟೆ ಹಾಕಿದ ಮೇಲೆ ರಾಶಿಗೂ ಡ್ರಮ್‌ನ ಮೇಲ್ಭಾಗಕ್ಕೂ ನಡುವೆ ಅಂಗೈ ನಿಲ್ಲಿಸಿ ಹಿಡಿಯುವಷ್ಟು ಜಾಗ ಇದೆಯಾ ನೋಡಿ.

ಹಾಗಂತ ತುಂಬ ದೊಡ್ಡದು ತಂದರೂ ತೊಂದರೆ. 10 ಕೆಜಿಯ ಮಷಿನ್‌ಗೆ ಒಂದೇ ಒಂದು ಭಾರದ ಹೊದಿಕೆಯನ್ನೋ ಎರಡು ಟವೆಲ್ಲನ್ನೋ ಹಾಕಿದರೆ ಅದು ಒಂದೇ ಕಡೆ ಕೂತು ತೂಕ ತಪ್ಪುತ್ತದೆ, ಮಷಿನ್ ಅಲುಗಾಟ ಗುರುತಿಸಿ ಸ್ಪಿನ್ ವೇಗವನ್ನು ತಾನೇ ಇಳಿಸುತ್ತದೆ, ಕೆಲವು ಸಲ ಸ್ಪಿನ್ ಮಾಡದೆಯೇ ಮುಗಿಸಿಬಿಡುತ್ತದೆ. ಆಗ ಜಾಲಿಸುವ ಕೆಲಸವೂ ಕೆಡುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ. ನನ್ನ ಮಟ್ಟಿಗೆ ಸರಿಯಾದ ಅಳತೆ ಅಂದರೆ ನಿಮ್ಮ ಮಾಮೂಲಿ ಲೋಡ್ ಹಾಕಿದಾಗ ಡ್ರಮ್ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬುವುದು, ಅಷ್ಟೇ.

ಕೊಳೆ ತೆಗೆಯುವ ಲೆಕ್ಕ

ಒಗೆಯುವ ಕೆಲಸವನ್ನು ನಾಲ್ಕು ಭಾಗ ಮಾಡಿ ತೋರಿಸಿದವರು ಜರ್ಮನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್, 1959ರಲ್ಲಿ. ಸೋಪು, ಉಜ್ಜಾಟ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದದ್ದರಲ್ಲಿ ಯಾವುದನ್ನಾದರೂ ಹೆಚ್ಚಿಸಲೇಬೇಕು. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮಷಿನ್‌ನ ಎಲ್ಲ ಪ್ರೋಗ್ರಾಂಗಳ ಗುಟ್ಟೂ ತಿಳಿಯುತ್ತದೆ. ಇಕೋ ಪ್ರೋಗ್ರಾಂ ಮೂರು ಗಂಟೆ ಯಾಕೆ ಓಡುತ್ತದೆ? ಬಿಸಿ ಕಡಿಮೆ ಮಾಡಿ ಕರೆಂಟ್ ಉಳಿಸುತ್ತದೆ, ಆ ಕೊರತೆಯನ್ನು ಸಮಯದಿಂದ ತುಂಬಿಸುತ್ತದೆ. ಕ್ವಿಕ್ ವಾಷ್ ಸಮಯವನ್ನೂ ಬಿಸಿಯನ್ನೂ ಎರಡನ್ನೂ ಕಡಿಮೆ ಮಾಡಿದೆ, ಹಾಗಾಗಿ ಅದು ಬೆವರಿನ ವಾಸನೆ ಹೋಗಲು ಸಾಕು, ಕಾಲರ್ ಕೊಳೆಗೆ ಸಾಲದು. "15 ನಿಮಿಷದಲ್ಲಿ ಕ್ಲೀನ್" ಅನ್ನುವ ಮಾತು ನೋಡಿ ಮಷಿನ್ ಆರಿಸಬೇಡಿ.

ಟಾಪ್ ಲೋಡ್ ಫುಲ್ ಆಟೋಮ್ಯಾಟಿಕ್ ಮಷಿನ್‌ಗಳಲ್ಲಿ ಉಜ್ಜಾಟ ಹೆಚ್ಚು, ನೀರು ಹೆಚ್ಚು, ಸಮಯ ಕಡಿಮೆ. ತಳದಲ್ಲಿ ತಿರುಗುವ ತಟ್ಟೆಯೋ ನಡುವೆ ಇರುವ ಕಂಬವೋ ಬಟ್ಟೆಯನ್ನು ತಿರುಗಿಸಿ ಉಜ್ಜುತ್ತದೆ. ಒಂದು ಗಂಟೆಯ ಒಳಗೆ ಕೆಲಸ ಮುಗಿಯುತ್ತದೆ, ಮಧ್ಯದಲ್ಲಿ ಮುಚ್ಚಳ ತೆಗೆದು ಇನ್ನೊಂದು ಬಟ್ಟೆ ಹಾಕಬಹುದು, ಬಗ್ಗುವ ಕಷ್ಟವಿಲ್ಲ. ಆದರೆ ಬಟ್ಟೆ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ, ಸವೆತ ಜಾಸ್ತಿ, ಬಹಳಷ್ಟು ಮಾಡೆಲ್‌ಗಳಲ್ಲಿ ನೀರು ಕಾಯಿಸುವ ಹೀಟರ್ ಇರುವುದಿಲ್ಲ. ಫ್ರಂಟ್ ಲೋಡ್‌ನಲ್ಲಿ ನೀರು ಕಡಿಮೆ ಇರುವುದರಿಂದ ಸೋಪಿನ ನೀರು ಗಟ್ಟಿಯಾಗಿರುತ್ತದೆ, ಹೀಟರ್ ಇರುತ್ತದೆ, ಸಮಯ ಉದ್ದ. ಎಣ್ಣೆ ಜಿಡ್ಡು, ಬೆಡ್‌ಶೀಟ್, ಟವೆಲ್, ಮಗುವಿನ ಬಟ್ಟೆ ಇಂಥವು ಹೆಚ್ಚಿದ್ದರೆ ಹೀಟರ್ ಇರುವ ಮಷಿನ್‌ಗೇ ನನ್ನ ಓಟು. ಧೂಳಿನ ಅಲರ್ಜಿ ಇರುವ ಮನೆಯಲ್ಲಂತೂ ಹಾಸಿಗೆ ಬಟ್ಟೆಯನ್ನು 60 ಡಿಗ್ರಿಯಲ್ಲಿ ಒಗೆಯಲು ಆಗಬೇಕು, ಧೂಳಿನ ನುಸಿಗಳು ಆ ಬಿಸಿಗೆ ಸಾಯುತ್ತವೆ. ರಕ್ತ, ಹಾಲು, ಮೊಟ್ಟೆಯಂಥ ಕಲೆ ಇದ್ದರೆ ಮಾತ್ರ ಮೊದಲು ತಣ್ಣೀರಲ್ಲಿ ನೆನೆಸಿ. ನೇರವಾಗಿ ಬಿಸಿಗೆ ಹಾಕಿದರೆ ಕಲೆ ದಾರದೊಳಗೆ ಕೂತುಬಿಡುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಗೆಯುವುದು ಎಷ್ಟು ಹೊತ್ತು, ಜಾಲಿಸುವುದು ಎಷ್ಟು ಸಲ ಅನ್ನುವುದೆಲ್ಲ ನಿಮ್ಮ ಕೈಯಲ್ಲೇ ಇದೆ. ಶ್ರಮ ಇದೆ, ಆದರೆ ಚೆನ್ನಾಗಿ ಬಳಸುವವರ ಕೈಯಲ್ಲಿ ಅದರ ಬಟ್ಟೆ ಯಾವುದಕ್ಕೂ ಕಡಿಮೆ ಇರುವುದಿಲ್ಲ.

ಕೊಳೆ ಎಷ್ಟು ಹೋಗುತ್ತದೆ ಅಂತ ಲ್ಯಾಬ್‌ನಲ್ಲಿ ಅಳೆಯಲು ಐಇಸಿ 60456 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಹತ್ತಿಯ ಬೆಡ್‌ಶೀಟ್, ದಿಂಬಿನ ಕವರ್, ಟವೆಲ್‌ಗಳ ಲೋಡ್ ಮಾಡಿ, ಅದಕ್ಕೆ ಕಲೆ ಹಚ್ಚಿದ ಬಟ್ಟೆಯ ಪಟ್ಟಿಗಳನ್ನು ಸೇರಿಸಿ ಒಗೆಯುತ್ತಾರೆ. ಮಸಿ ಮತ್ತು ಎಣ್ಣೆ, ಚರ್ಮದ ಜಿಡ್ಡು, ರಕ್ತ, ಕೋಕೋ, ಕೆಂಪು ವೈನ್, ಹೀಗೆ ಬೇರೆ ಬೇರೆ ಕಲೆ. ಒಂದೊಂದೂ ಒಂದೊಂದು ಥರ ಬಿಡುತ್ತದೆ: ಕೆಲವಕ್ಕೆ ಉಜ್ಜಾಟ ಬೇಕು, ಕೆಲವಕ್ಕೆ ಎಂಜೈಮ್, ಕೆಲವಕ್ಕೆ ಬ್ಲೀಚ್. ಒಗೆದ ಮೇಲೆ ಪಟ್ಟಿ ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಅಂತ ಉಪಕರಣದಿಂದ ಅಳೆದು, ಹೋಲಿಕೆಗೆಂದೇ ಇಟ್ಟ ಒಂದು ರೆಫರೆನ್ಸ್ ಮಷಿನ್‌ನ ಫಲಿತಾಂಶದ ಜೊತೆ ಹೋಲಿಸುತ್ತಾರೆ.

ಲೇಬಲ್ ಓದುವಾಗ ಒಂದು ಎಚ್ಚರ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ಬಂದಿರುವ, ಕರೆಂಟ್ ಬಳಕೆಗೆ ಎ ಇಂದ ಜಿ ವರೆಗೆ ಅಕ್ಷರ ಕೊಡುವ ಲೇಬಲ್ ನೋಡಿ. ಅದರಲ್ಲಿ 100 ಸಲ ಒಗೆದರೆ ಎಷ್ಟು ಕರೆಂಟು, ಒಂದು ಸಲಕ್ಕೆ ಎಷ್ಟು ಲೀಟರ್ ನೀರು, ಎಷ್ಟು ಹೊತ್ತು, ಸ್ಪಿನ್ ದರ್ಜೆ, ಸದ್ದು ಎಲ್ಲ ಇದೆ. ಕೊಳೆ ಹೇಗೆ ಹೋಗುತ್ತದೆ, ಹೇಗೆ ಜಾಲಿಸುತ್ತದೆ ಅನ್ನುವುದಕ್ಕೆ ಮಾತ್ರ ಯಾವ ಅಕ್ಷರವೂ ಇಲ್ಲ. ಅವೆರಡಕ್ಕೂ ಕಾನೂನಿನಲ್ಲಿ ಕನಿಷ್ಠ ಮಟ್ಟ ಇದೆ, ಅದನ್ನು ದಾಟಿದರೆ ಆಯಿತು. ಎಷ್ಟು ಚೆನ್ನಾಗಿ ದಾಟಿತು ಅನ್ನುವುದು ಕೊಳ್ಳುವವರಿಗೆ ಕಾಣುವುದಿಲ್ಲ. ಅದೂ ಇಕೋ 40-60 ಅನ್ನುವ ಒಂದೇ ಪ್ರೋಗ್ರಾಂನ ಪರೀಕ್ಷೆ, ಪೂರ್ತಿ, ಅರ್ಧ, ಕಾಲು ಲೋಡ್‌ಗಳಲ್ಲಿ. ನೀವು ದಿನಾ ಹಾಕುವುದು 45 ನಿಮಿಷದ ಪ್ರೋಗ್ರಾಂ ಆದರೆ ಆ ಲೇಬಲ್ ನಿಮ್ಮ ಬಟ್ಟೆಯ ಬಗ್ಗೆ ಏನೂ ಹೇಳುತ್ತಿಲ್ಲ. ಒಳ್ಳೆ ಸ್ಟಾರ್ ಅಥವಾ ಒಳ್ಳೆ ಅಕ್ಷರ ಅಂದರೆ ಕರೆಂಟ್ ಬಿಲ್ ಕಡಿಮೆ ಅನ್ನುವಷ್ಟೇ ಅರ್ಥ ಮಾಡಿಕೊಳ್ಳಿ. ಸ್ವತಂತ್ರವಾಗಿ ಪರೀಕ್ಷೆ ಮಾಡುವ ಗ್ರಾಹಕ ಸಂಸ್ಥೆಗಳ ವರದಿ ಸಿಕ್ಕರೆ ಕೊಳೆ ಮತ್ತು ರಿನ್ಸ್ (ಜಾಲಿಸುವುದು) ಅಂಕಗಳನ್ನು ಬೇರೆ ಬೇರೆಯಾಗಿ ನೋಡಿ. ಒಟ್ಟು ಅಂಕದಲ್ಲಿ ಎರಡೂ ಕಲೆತು ಹೋಗಿರುತ್ತವೆ.

ಜಾಲಿಸುವುದು: ಎಲ್ಲರೂ ಮರೆಯುವ ಭಾಗ

ಇಲ್ಲಿ ಸ್ವಲ್ಪ ನಿಲ್ಲೋಣ. ಒಗೆದ ಬಟ್ಟೆ ಕೆರೆತ ತರುವುದು, ಟವೆಲ್ ಗಡುಸಾಗುವುದು, ಕಪ್ಪು ಬಟ್ಟೆ ಮೇಲೆ ಬಿಳಿ ಗೆರೆ ಬರುವುದು, ಇವುಗಳಲ್ಲಿ ಹೆಚ್ಚಿನವು ಸೋಪು ಸರಿಯಾಗಿ ಹೋಗದೆ ಆಗುವ ತೊಂದರೆ. "ನೀರು ಜಾಸ್ತಿ ಬಿಟ್ಟರೆ ಸೋಪು ಹೋಗುತ್ತದೆ" ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪೂರ್ತಿ ನಿಜವಲ್ಲ. ಲೆಕ್ಕ ಹಾಕಿ ನೋಡಿ, ಸುಲಭ ಇದೆ.

ಒಗೆದು ನೀರು ಹೊರಹಾಕಿದ ಮೇಲೂ ಬಟ್ಟೆಯೊಳಗೆ ಸೋಪಿನ ನೀರು ಉಳಿದಿರುತ್ತದೆ. 5 ಲೀಟರ್ ಉಳಿದಿದೆ ಅಂದುಕೊಳ್ಳಿ. ಅದಕ್ಕೆ 15 ಲೀಟರ್ ಹೊಸ ನೀರು ಸೇರಿಸಿ ಕಲಸಿದರೆ ಒಟ್ಟು 20 ಲೀಟರ್ ಆಯಿತು. ಹಿಂಡಿ ಮತ್ತೆ 5 ಲೀಟರ್ ಉಳಿಯಿತು ಅಂದರೆ ಸೋಪು ಕಾಲು ಭಾಗಕ್ಕೆ ಇಳಿಯಿತು. ಹೀಗೆ ಮೂರು ಸಲ ಮಾಡಿದರೆ 64ರಲ್ಲಿ ಒಂದು ಭಾಗ. ಬಳಸಿದ ಹೊಸ ನೀರು 45 ಲೀಟರ್. ಅದೇ 45 ಲೀಟರನ್ನು ಒಂದೇ ಸಲಕ್ಕೆ ಬಿಟ್ಟಿದ್ದರೆ? 50ರಲ್ಲಿ 5, ಅಂದರೆ ಹತ್ತರಲ್ಲಿ ಒಂದು ಭಾಗ ಸೋಪು ಹಾಗೇ ಉಳಿಯುತ್ತಿತ್ತು. ನೀರು ಅಷ್ಟೇ, ಫಲ ಆರು ಪಟ್ಟು ಬೇರೆ.

ಈಗ ಇನ್ನೊಂದು ಬದಲಾವಣೆ ಮಾಡೋಣ. ರಿನ್ಸ್‌ಗಳ ನಡುವೆ ಮಷಿನ್ ಚೆನ್ನಾಗಿ ಸ್ಪಿನ್ ಮಾಡಲಿಲ್ಲ, 5 ಲೀಟರ್ ಬದಲು ಪ್ರತಿ ಸಲವೂ 10 ಲೀಟರ್ ಬಟ್ಟೆಯಲ್ಲೇ ಉಳಿಯಿತು. ಆಗ 25 ಲೀಟರ್‌ನಲ್ಲಿ 10, ಅಂದರೆ ಐದರಲ್ಲಿ ಎರಡು ಭಾಗ. ಮೂರು ಸಲ ಜಾಲಿಸಿದ ಮೇಲೂ ಹದಿನಾರರಲ್ಲಿ ಒಂದು ಭಾಗದಷ್ಟು ಸೋಪು ಉಳಿಯಿತು. ಚೆನ್ನಾಗಿ ಸ್ಪಿನ್ ಮಾಡುವ ಮಷಿನ್ ಎರಡೇ ರಿನ್ಸ್‌ನಲ್ಲಿ ಅಲ್ಲಿಗೆ ತಲುಪುತ್ತದೆ. "ಮೂರು ರಿನ್ಸ್ ಇದೆ" ಅಂತ ಹೇಳಿದ ಕೂಡಲೇ ಒಪ್ಪಬೇಡಿ, ನಡುವೆ ಸ್ಪಿನ್ ಆಗುತ್ತದಾ, ಎಷ್ಟು ವೇಗದಲ್ಲಿ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಅದೇ ಮಷಿನ್ ಇರುವ ಪರಿಚಯದವರ ಮನೆಯಲ್ಲಿ ಒಂದು ಸುತ್ತು ಓಡುವಾಗ ಎದುರು ಕೂತು ನೋಡಿ, ಕಿವಿಗೇ ಗೊತ್ತಾಗುತ್ತದೆ. ಡೆಲಿಕೇಟ್, ಉಣ್ಣೆಯಂಥ ಪ್ರೋಗ್ರಾಂಗಳಲ್ಲಿ ಬಟ್ಟೆ ಹಾಳಾಗದಿರಲಿ ಅಂತ ಈ ನಡುವಿನ ಸ್ಪಿನ್ ಅನ್ನು ಕಡಿಮೆ ಮಾಡಿರುತ್ತಾರೆ ಅಥವಾ ಬಿಟ್ಟೇ ಬಿಟ್ಟಿರುತ್ತಾರೆ. ಅಲ್ಲಿ ಸೋಪನ್ನೇ ಕಡಿಮೆ ಹಾಕಬೇಕು.

ಈ ಲೆಕ್ಕ ನಿಲ್ಲುವುದು ನೀರು ಬಟ್ಟೆಯೊಳಗೆಲ್ಲ ಸರಿಯಾಗಿ ಓಡಾಡಿದರೆ ಮಾತ್ರ. ಒತ್ತಿ ತುಂಬಿದ ಡ್ರಮ್‌ನಲ್ಲಿ ಹೊಸ ನೀರು ರಾಶಿಯ ಹೊರಭಾಗವನ್ನು ತೊಳೆದು ಹೋಗುತ್ತದೆ, ಒಳಗಿನ ಬಟ್ಟೆಯ ಸೋಪು ಅಲ್ಲೇ ಇರುತ್ತದೆ. ಕೆಜಿಗೆ ಎಷ್ಟು ಲೀಟರ್ ಡ್ರಮ್ ಅಂತ ಮೊದಲೇ ಭಾಗಿಸಿ ನೋಡಲು ಹೇಳಿದ್ದು ಇದಕ್ಕೇ. ಒಂದೇ ಕಡೆ ತೂಕ ಬಿದ್ದು ಸ್ಪಿನ್ ಇಳಿಯುವ ತೊಂದರೆಯೂ ಇಲ್ಲೇ ಬಂದು ಕಾಡುತ್ತದೆ.

ಟಾಪ್ ಲೋಡ್‌ನಲ್ಲಿ ಟಬ್ ತುಂಬ ನೀರು ತುಂಬಿ ಜಾಲಿಸುವ ಮಾಡೆಲ್ ಆದರೆ ಎರಡು ರಿನ್ಸ್‌ನಲ್ಲೇ ತುಂಬ ಚೆನ್ನಾಗಿ ಸೋಪು ಹೋಗುತ್ತದೆ. 5 ಲೀಟರ್ ಉಳಿಕೆಗೆ 45 ಲೀಟರ್ ಹೊಸ ನೀರು ಎರಡು ಸಲ ಅಂದರೆ ನೂರರಲ್ಲಿ ಒಂದು ಭಾಗ. ಅದಕ್ಕೆ ತೆರುವ ಬೆಲೆ ನೀರು, ಜಾಲಿಸಲಿಕ್ಕೇ 90 ಲೀಟರ್. ಮೇಲಿಂದ ನೀರು ಚಿಮುಕಿಸಿ ಜಾಲಿಸುವ ಟಾಪ್ ಲೋಡ್‌ಗಳೂ ಇವೆ, ಅವು ನೀರು ಉಳಿಸುತ್ತವೆ, ಆದರೆ ಬಟ್ಟೆ ನೀರಿನಲ್ಲಿ ತೇಲಾಡುವುದಿಲ್ಲ. ನೀರಿನ ಕಷ್ಟ ಇಲ್ಲದ ಮನೆ, ಚರ್ಮ ಸೂಕ್ಷ್ಮ ಇರುವವರು ಇದ್ದಾರೆ ಅಂದರೆ ತುಂಬಿಸಿ ಜಾಲಿಸುವ ಸೌಲಭ್ಯ ಇರುವುದನ್ನೇ ನೋಡಿ. ಫ್ರಂಟ್ ಲೋಡ್ ಆದರೆ ಎಕ್ಸ್‌ಟ್ರಾ ರಿನ್ಸ್ ಬಟನ್ ಇರಲೇಬೇಕು. ಒಂದು ಸಲ ಒತ್ತಿದರೆ ನೆನಪಿಟ್ಟುಕೊಳ್ಳುತ್ತದಾ, ಪ್ರತಿ ಸಲ ಒತ್ತಬೇಕಾ ಅಂತಲೂ ವಿಚಾರಿಸಿ, ದಿನಾ ಬಳಸುವವರಿಗೆ ಇದು ಸಣ್ಣ ವಿಷಯವಲ್ಲ.

ಆರ್‌ಪಿಎಂ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಟ್ಟೆ ಹಿಂಡುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ (ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು), ಡ್ರಮ್‌ನ ಅಗಲವೂ ಅದರಲ್ಲಿ ಸೇರುತ್ತದೆ. 48 ಸೆಂಟಿಮೀಟರ್ ಅಗಲದ ಡ್ರಮ್ 1000 ಆರ್‌ಪಿಎಂನಲ್ಲಿ ಗುರುತ್ವದ ಸುಮಾರು 270 ಪಟ್ಟು ಬಲ ಕೊಡುತ್ತದೆ, 1200ರಲ್ಲಿ 390 ಪಟ್ಟು, 1400ರಲ್ಲಿ 530ರ ಹತ್ತಿರ. ಅದರ ಫಲ ಕಾಣುವುದು ಉಳಿದ ನೀರಿನ ಪರ್ಸೆಂಟ್‌ನಲ್ಲಿ. ಯುರೋಪಿನ ಲೇಬಲ್‌ನಲ್ಲಿ ಎ ದರ್ಜೆಯ ಸ್ಪಿನ್ ಅಂದರೆ ಒಣ ಬಟ್ಟೆಯ ತೂಕದ 45 ಪರ್ಸೆಂಟ್‌ಗಿಂತ ಕಡಿಮೆ ನೀರು, ಬಿ ಅಂದರೆ 45ರಿಂದ 54. ಆ ಪರ್ಸೆಂಟ್ ಸಿಕ್ಕರೆ ಆರ್‌ಪಿಎಂ ಮರೆತುಬಿಡಿ, ಅದನ್ನೇ ಹೋಲಿಸಿ.

ಸೋಪಿನ ಅಳತೆ ಕೂಡ ಮಷಿನ್‌ನ ಹೋಲಿಕೆಯನ್ನು ಹಾಳುಮಾಡಬಲ್ಲದು. ಜಾಸ್ತಿ ಹಾಕಿದರೆ ನೊರೆ ತುಂಬಿಕೊಂಡು ಬಟ್ಟೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ, ಪಂಪು ನೀರಿನ ಬದಲು ನೊರೆ ಎಳೆಯುತ್ತದೆ, ಸ್ಪಿನ್ ಏರುವುದಿಲ್ಲ. ಫ್ರಂಟ್ ಲೋಡ್‌ಗೆ ಕಡಿಮೆ ನೊರೆಯ ಡಿಟರ್ಜೆಂಟ್ ಬೇಕು. ಮೆದು ನೀರಿದ್ದರೆ ಇನ್ನೂ ಕಡಿಮೆ ಸಾಕು, ಗಡಸು ನೀರಿದ್ದರೆ ಸ್ವಲ್ಪ ಹೆಚ್ಚು. ಕಪ್ಪು ಬಟ್ಟೆ ಮೇಲಿನ ಬಿಳಿ ಪುಡಿ ಎಷ್ಟೋ ಸಲ ಪೌಡರ್‌ನಲ್ಲಿರುವ, ನೀರಿನಲ್ಲಿ ಕರಗದ ಜಿಯೋಲೈಟ್ (ನೀರನ್ನು ಮೆದು ಮಾಡಲು ಹಾಕುವ ಪುಡಿ). ಲಿಕ್ವಿಡ್‌ಗೆ ಬದಲಿಸಿ ನೋಡಿ, ಹೋದರೆ ತಪ್ಪು ಮಷಿನ್‌ದಲ್ಲ.

ಮನೆಯಲ್ಲೇ ಪರೀಕ್ಷೆ

ಹಳೆ ಮಷಿನ್ ಮತ್ತು ಹೊಸದನ್ನು, ಅಥವಾ ಒಂದೇ ಮಷಿನ್‌ನ ಎರಡು ಪ್ರೋಗ್ರಾಂಗಳನ್ನು ಹೋಲಿಸಲು ಇದು ಸಾಕು. ಒಂದು ಹಳೆ ಬಿಳಿ ಹತ್ತಿ ಬೆಡ್‌ಶೀಟ್ ತೆಗೆದುಕೊಳ್ಳಿ. ಎಲ್ಲ ಪಟ್ಟಿಗಳನ್ನೂ ಅದರಿಂದಲೇ ಕತ್ತರಿಸಿ, ಬೇರೆ ಬೇರೆ ಬಟ್ಟೆ ಆದರೆ ಹೋಲಿಕೆಗೆ ಅರ್ಥ ಇರುವುದಿಲ್ಲ. ಪ್ರತಿ ಪಟ್ಟಿಗೂ ಅಳತೆ ಚಮಚದಲ್ಲಿ ಅಷ್ಟಷ್ಟೇ ಕಲೆ ಹಾಕಿ: ಕಾಫಿ, ಮಣ್ಣು ಕಲಸಿದ ಅಡುಗೆ ಎಣ್ಣೆ, ಹಾಲಿನಲ್ಲಿ ಕಲಸಿದ ಕೋಕೋ ಪುಡಿ. ಒಂದು ದಿನ ಪೂರ್ತಿ ಒಣಗಲಿ. ಒಂದು ಪಟ್ಟಿಯನ್ನು ಒಗೆಯದೆ ಎತ್ತಿಡಿ, ಕಲೆ ಹಾಕದ ಒಂದು ತುಂಡನ್ನೂ ಇಟ್ಟುಕೊಳ್ಳಿ. ಉಳಿದದ್ದನ್ನು ಟವೆಲ್‌ಗಳಿಗೆ ಹೊಲಿಗೆ ಹಾಕಿ ಕಟ್ಟಿ, ತೂಕ ಹಾಕಿದ ಒಂದೇ ಲೋಡ್, ಒಂದೇ ಡಿಟರ್ಜೆಂಟ್, ಒಂದೇ ಡಿಗ್ರಿ ಇಟ್ಟು ಒಗೆಯಿರಿ. ನೆರಳಲ್ಲಿ ಒಣಗಿಸಿ ಹಗಲ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಒಂದೇ ಫೋಟೋದಲ್ಲಿ ತೆಗೆಯಿರಿ. ಯಾವ ಪಟ್ಟಿ ಯಾವುದು ಅಂತ ಗೊತ್ತಿಲ್ಲದ ಇನ್ನೊಬ್ಬರಿಂದ ತೀರ್ಮಾನ ಮಾಡಿಸಿದರೆ ಒಳ್ಳೆಯದು, ಹೊಸ ಮಷಿನ್ ಮೇಲಿನ ಪ್ರೀತಿ ಕಣ್ಣಿಗೆ ಬೇರೆಯದನ್ನೇ ತೋರಿಸುತ್ತದೆ.

ರಿನ್ಸ್ ನೋಡಲು ಆಗಷ್ಟೇ ಒಗೆದ ಲೋಡನ್ನು ಹೊರಗೆ ತೆಗೆಯದೆ, ಸೋಪು, ಸಾಫ್ಟ್‌ನರ್ ಏನೂ ಹಾಕದೆ ರಿನ್ಸ್ ಪ್ರೋಗ್ರಾಂ ಓಡಿಸಿ. ಮೂರು ನಾಲ್ಕು ನಿಮಿಷ ಆದ ಮೇಲೆ ಗಾಜಿನಲ್ಲಿ ನೋಡಿ, ಟಾಪ್ ಲೋಡ್ ಆದರೆ ಮುಚ್ಚಳ ತೆಗೆದು ನೋಡಿ. ಅಲ್ಲಿ ಇಲ್ಲಿ ಗುಳ್ಳೆ ಇದ್ದರೆ ಚಿಂತೆ ಬೇಡ, ತೀರಾ ಸ್ವಲ್ಪ ಸೋಪಿಗೂ ಗುಳ್ಳೆ ಬರುತ್ತದೆ. ದಪ್ಪ ನೊರೆಯ ಪದರ ನಿಂತರೆ ಮಾತ್ರ ಸೋಪು ಜಾಸ್ತಿ ಅಥವಾ ರಿನ್ಸ್ ಕಡಿಮೆ. ಇನ್ನೂ ಸರಿಯಾಗಿ ಬೇಕು ಅಂದರೆ ಒಗೆದ ದಪ್ಪ ಟವೆಲ್ಲನ್ನು ಒದ್ದೆ ಇರುವಾಗಲೇ ಹಿಂಡಿ ಆ ನೀರಿಗೆ ಪಿಎಚ್ ಕಾಗದ (ಆಮ್ಲ, ಕ್ಷಾರವನ್ನು ಬಣ್ಣದಲ್ಲಿ ತೋರಿಸುವ ಕಾಗದ) ಅದ್ದಿ, ನಲ್ಲಿ ನೀರಿಗೂ ಇನ್ನೊಂದು ಅದ್ದಿ. ಪೌಡರ್‌ಗಳಲ್ಲಿ ಕ್ಷಾರ ಇರುವುದರಿಂದ ಎರಡರ ಬಣ್ಣ ಹತ್ತಿರ ಇದ್ದಷ್ಟೂ ಸೋಪು ಚೆನ್ನಾಗಿ ಹೋಗಿದೆ. ಲ್ಯಾಬ್‌ಗಳಲ್ಲೂ ಬಟ್ಟೆಯಿಂದ ಹಿಂಡಿದ ನೀರಿನ ಕ್ಷಾರವನ್ನು ನಲ್ಲಿ ನೀರಿನ ಜೊತೆ ಹೋಲಿಸುವ ಪದ್ಧತಿ ಇತ್ತು. ಈಗ ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟ್ ಅಂಶವನ್ನೇ ಅಳೆಯುತ್ತಾರೆ. ಯುರೋಪಿನ ನಿಯಮದಲ್ಲಿ ಅದು ಕೆಜಿ ಬಟ್ಟೆಗೆ 5 ಗ್ರಾಂ ದಾಟಬಾರದು.

ಈ ಪರೀಕ್ಷೆಗಳನ್ನು ಮಷಿನ್ ಬಂದ ಮೊದಲ ವಾರದಲ್ಲೇ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಮಾಡಿ. ಓಡಿಸುವ ಮುನ್ನ ಸಾಗಿಸುವಾಗ ಡ್ರಮ್ ಅಲುಗದಿರಲಿ ಅಂತ ಹಾಕಿರುವ ಹಿಂಭಾಗದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ತೆಗೆದಿದ್ದಾರಾ, ನಾಲ್ಕೂ ಕಾಲು ನೆಲಕ್ಕೆ ಕೂತಿದೆಯಾ ಅಂತ ನೀವೇ ಬಗ್ಗಿ ನೋಡಿ. ಮಷಿನ್ ನೆಟ್ಟಗೆ ಕೂತಿಲ್ಲ ಅಂದರೆ ಸ್ಪಿನ್ ಪೂರ್ತಿ ವೇಗಕ್ಕೆ ಏರುವುದಿಲ್ಲ, ಆಗ ರಿನ್ಸ್ ಫಲಿತಾಂಶವೂ ತಪ್ಪು ಬರುತ್ತದೆ.